ಹಾಲವ್ವ ಕಿತ್ತ ಗೂಟ

ಈ ಕತೆಯನ್ನು ನನಗೆ ಮೊದಲು ಹೇಳಿದ್ದು ಕಮಲಾಕ್ಷಮ್ಮ. ನಾವು ಬಿ.ಎಸ್ಸಿ. ಓದುವಾಗ ಹಾಸ್ಟೆಲಿನ ಅಡುಗೆಮನೆ ಅವರ ಕೈಯಲ್ಲಿತ್ತು. ಭಾನುವಾರ ಮಧ್ಯಾಹ್ನ ಹುಡುಗಿಯರನ್ನೆಲ್ಲ ಅವರೆಕಾಯಿ ಸುಲಿಯಲು ಕೂರಿಸಿಕೊಂಡು ಕತೆ ಶುರು ಮಾಡುತ್ತಿದ್ದರು. ಕಾಯಿ ಮುಗಿಯುವವರೆಗೆ ಕತೆ ಮುಗಿಯುತ್ತಿರಲಿಲ್ಲ, ಅಷ್ಟು ಹುಷಾರಿನ ಹೆಂಗಸು. ರಸಾಯನಶಾಸ್ತ್ರ ಓದುತ್ತಿದ್ದ ನಾವು ನಡುವೆ ಬಾಯಿ ಹಾಕಿದರೆ, "ನಿಮ್ಮ ಪುಸ್ತಕದಲ್ಲಿ ಇರೋದು ನೀವು ಓದ್ಕೊಳ್ಳಿ, ನನ್ನ ಕತೇಲಿ ಇರೋದು ನಾನು ಹೇಳ್ತೀನಿ" ಅನ್ನುತ್ತಿದ್ದರು. ಅವರು ಹೇಳಿದ್ದು ಹೀಗೆ.

ಬಲು ಹಿಂದೆ, ಬೆಟ್ಟಗಳು ಇನ್ನೂ ಒಂದರ ಜೊತೆ ಒಂದು ಮಾತಾಡುತ್ತಿದ್ದ ಕಾಲದಲ್ಲಿ, ರಂಗಾವತಿ ಅಂತ ಒಂದು ರಾಜ್ಯ. ರಾಜ್ಯದ ನಡುವೆ ಒಂದು ಹೊಳೆ. ಅದರ ತಳಕ್ಕೆ ಸೂಜಿ ಬಿದ್ದರೆ ದಡದಲ್ಲಿ ನಿಂತವರಿಗೆ ಸೂಜಿಯ ಕಣ್ಣು ಕಾಣುತ್ತಿತ್ತು. ಹಾಗಾಗಿ ತಿಳಿಹೊಳೆ ಅಂತ ಅದಕ್ಕೆ ಹೆಸರು.

ಹೊಳೆಯ ದಂಡೆಯಲ್ಲಿ ಬಣ್ಣಗಾರರ ಕೇರಿ. ನೂಲಿಗೆ, ಬಟ್ಟೆಗೆ ಬಣ್ಣ ಹಾಕುವುದು ಅವರ ಕಸುಬು. ಒಂದು ಮನೆಯಲ್ಲಿ ಮಂಜಿಷ್ಠದ ಬೇರಿನಿಂದ ಕೆಂಪು, ಇನ್ನೊಂದರಲ್ಲಿ ಮುತ್ತುಗದ ಹೂವಿನಿಂದ ಹಳದಿ, ಮತ್ತೊಂದರಲ್ಲಿ ದಾಳಿಂಬೆ ಸಿಪ್ಪೆಯಿಂದ ಕಂದು. ಮನೆಗೊಂದು ಬಣ್ಣ, ಬಣ್ಣಕ್ಕೊಂದು ಮನೆ. ಸಂತೆಯಲ್ಲಿ ನೂರು ಕೆಂಪು ಸೀರೆ ಹರವಿದ್ದರೂ ಇದು ನಮ್ಮ ಹಂಡೆಯಲ್ಲಿ ಮುಳುಗಿದ್ದು ಅಂತ ಆ ಮನೆಯವರು ಎತ್ತಿ ಹೇಳಬಲ್ಲರು, ಹತ್ತು ಮಕ್ಕಳು ಒಟ್ಟಿಗೆ ಅತ್ತರೂ ತಾಯಿಗೆ ತನ್ನದರ ಅಳು ಗೊತ್ತಾಗುವ ಹಾಗೆ.

ಕೇರಿಗೆ ಒಂದು ಕಟ್ಟಳೆ ಇತ್ತು. ಬಣ್ಣ ತೊಳೆದ ನೀರನ್ನು ನೇರ ಹೊಳೆಗೆ ಬಿಡುವಂತಿಲ್ಲ. ಪ್ರತಿ ಹಿತ್ತಲಲ್ಲೂ ಮೂರು ಗುಂಡಿ. ಮೊದಲನೆಯದರಲ್ಲಿ ಮರಳು, ಎರಡನೆಯದರಲ್ಲಿ ಇದ್ದಿಲು, ಮೂರನೆಯದರಲ್ಲಿ ಲಾವಂಚದ ಬೇರು. ಒಂದೊಂದರಲ್ಲಿ ಮೂರು ಮೂರು ದಿನ ನೀರು ನಿಲ್ಲಬೇಕು. ಒಂಬತ್ತನೇ ದಿನ ಆ ಮನೆಯವರು ಪಕ್ಕದ ಮನೆಯವರ ಕಣ್ಣೆದುರು ಒಂದು ಬೊಗಸೆ ಕುಡಿಯಬೇಕು, ಆಮೇಲೆ ಕಟ್ಟೆ ಒಡೆದು ಹೊಳೆಗೆ ಬಿಡಬೇಕು. ಕುಡಿಯಲಾಗದ್ದನ್ನು ಬಿಡುವ ಹಾಗಿಲ್ಲ. ಇಷ್ಟೇ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ, ಆದ್ದರಿಂದ ಯಾರೂ ಮರೆತಿರಲಿಲ್ಲ.

ಕೆಂಪು ಬಣ್ಣದ ಮನೆಯ ಗೌರವ್ವನಿಗೆ ಒಬ್ಬಳೇ ಮಗಳು, ಹಾಲವ್ವ. ಇಪ್ಪತ್ತು ವರ್ಷ. ಬಣ್ಣ ಅದ್ದುವುದರಲ್ಲಿ ತಾಯಿಗಿಂತ ಒಂದು ಕೈ ಮೇಲು, ಗುಂಡಿ ಕಲಕುವುದರಲ್ಲಿ ನೂರು ಕೈ ಕೆಳಗೆ. ಮರಳು ಹೊರು, ಇದ್ದಿಲು ಅರೆ, ಲಾವಂಚ ಬದಲಿಸು, ಒಂಬತ್ತು ದಿನ ಮೂಗು ಮುಚ್ಚಿಕೊಂಡು ತಿರುಗು. ಅವಳಿಗೆ ಅದೆಂದರೆ ಆಗದು.

ಹೀಗಿರುವಾಗ ರಾಜ್ಯಕ್ಕೆ ಕಾಡಿಗೆರಾಯ ಬಂದ. ಎಲ್ಲಿಂದ ಬಂದ ಅಂತ ಯಾರಿಗೂ ಗೊತ್ತಿಲ್ಲ. ಏಳಡಿ ಎತ್ತರ, ಎಣ್ಣೆ ಹಾಕಿ ತೀಡಿದ ಮೀಸೆ, ದೊಡ್ಡ ಮಂತ್ರವಾದಿ. ಅರಮನೆಗೆ ಹೋಗಿ ರಾಜ ವಿಜಯಕೇತುವಿನ ಮುಂದೆ ಒಂದು ತುಂಡು ಬಟ್ಟೆ ಹರವಿದ. ನವಿಲುಗತ್ತಿನ ನೀಲಿ. ಈ ಕಡೆಯಿಂದ ನೋಡಿದರೆ ಹಸಿರು, ಆ ಕಡೆಯಿಂದ ನೋಡಿದರೆ ನೇರಳೆ. ಅಂಥ ಬಣ್ಣವನ್ನು ಯಾರೂ ಕಂಡಿರಲಿಲ್ಲ. ರಾಜನಿಗೆ ಅಂಗವಸ್ತ್ರ ಬೇಕೆನಿಸಿತು, ರಾಣಿಗೆ ಸೀರೆ ಬೇಕೆನಿಸಿತು, ಮಂತ್ರಿಗೆ ಪಟ್ಟದಾನೆಯ ಬೆನ್ನಿಗೂ ಅದೇ ಇದ್ದರೆ ಚೆಂದ ಅನ್ನಿಸಿತು.

"ಮಾಡಿ ಕೊಡ್ತೀನಿ ಪ್ರಭು," ಅಂದ ಕಾಡಿಗೆರಾಯ, "ನೂರು ಕೊಪ್ಪರಿಗೆ ಇಡೋಕೆ ಜಾಗ ಕೊಡಿ."

"ಕೊಟ್ಟೆ. ತೊಳೆದ ನೀರು ಎಲ್ಲಿಗೆ ಹೋಗುತ್ತೆ?"

"ಭೂಮಿಯೊಳಗೆ ಪ್ರಭು."

ರಾಜನಿಗೆ ಕುಡಿಯುವ ನೀರು ಬರುತ್ತಿದ್ದದ್ದು ಬೆಟ್ಟದ ಮೇಲಿನ ಒರತೆಯಿಂದ, ಬೆಳ್ಳಿ ಕೊಡದಲ್ಲಿ. ಹಾಗಾಗಿ ಅವನಿಗೆ ಎರಡನೇ ಪ್ರಶ್ನೆ ಹೊಳೆಯಲಿಲ್ಲ.

ಹೊಳೆಯ ಮೇಲ್ಬದಿಗೆ ಬಣ್ಣದ ಕೋಟೆ ಎದ್ದಿತು. ಹಗಲೆಲ್ಲ ಹೊಗೆ, ಹಗಲೆಲ್ಲ ಗಡಗಡ. ಕಾಡಿಗೆರಾಯ ಅಷ್ಟಕ್ಕೇ ನಿಲ್ಲಲಿಲ್ಲ. ಒಂದು ದಿನ ಬಣ್ಣಗಾರರ ಕೇರಿಗೆ ಬಂದು ಕೈಮುಗಿದು ನಿಂತ. "ತಾಯಂದಿರಾ, ಒಂಬತ್ತು ದಿನ ಗುಂಡಿ ಕಾಯೋ ಕಷ್ಟ ನಿಮಗ್ಯಾಕೆ? ನಿಮ್ಮ ಹಿತ್ತಲಿಗೂ ನನ್ನ ಕಲ್ಲಿನ ಮೋರಿ ಹಾಕಿಸಿ ಕೊಡ್ತೀನಿ, ಬಿಟ್ಟಿ. ಮುಚ್ಚಳ ತೆಗಿ, ಸುರಿ, ಮುಚ್ಚು."

ಮುಚ್ಚಳ ತೆಗಿ, ಸುರಿ, ಮುಚ್ಚು. ಕೇರಿಯಲ್ಲಿ ಮೊದಲು ಮೋರಿ ಹಾಕಿಸಿಕೊಂಡವಳು ಹಾಲವ್ವ.

"ಎಲ್ಲಿಗೆ ಹೋಗುತ್ತೆ ಅಂತ ಕೇಳ್ದೇನೇ?" ಅಂದಳು ಗೌರವ್ವ.

"ಕೆಳಗೆ."

"ಕೆಳಗೆ ಅನ್ನೋದು ಯಾವೂರು?"

"ಅವ್ವ, ಇಡೀ ಕೋಟೇದೇ ಅಲ್ಲಿಗೆ ಹೋಗ್ತಿದೆ. ನಮ್ಮದೊಂದು ಕೊಡದಿಂದ ಏನು ಮುಳುಗಿ ಹೋಗುತ್ತೆ?"

ಒಂದು ಕೊಡದಿಂದ ಏನು ಅಂತ ಹಾಲವ್ವ ಅಂದಳು. ಒಂದು ಕೊಡದಿಂದ ಏನು ಅಂತ ಹಳದಿ ಮನೆಯ ಚೌಡಪ್ಪ ಅಂದ. ಮುಂದಿನ ಹುಣ್ಣಿಮೆಯೊಳಗೆ ಕೇರಿಯ ಎಲ್ಲ ಗುಂಡಿಗಳೂ ಒಣಗಿದವು. ಚೌಡಪ್ಪ ತನ್ನ ಗುಂಡಿಯಲ್ಲಿ ಕುಂಬಳಕಾಯಿ ಬೆಳೆದ.

ವರ್ಷ ಕಳೆಯಿತು. ಹೊಳೆ ನೋಡಲು ಹಿಂದಿನ ಹಾಗೇ ತಿಳಿಯಾಗಿತ್ತು. ಆದರೆ ಮೀನು ಕಾಣದಾದವು. ಕೇಳಿದರೆ ಕೋಟೆಯ ಆಳುಗಳು, "ಸಮುದ್ರದಲ್ಲಿ ಮದುವೆ, ಹೋಗಿದಾವೆ" ಅಂದರು. ಮದುವೆ ಮುಗಿಯಲೇ ಇಲ್ಲ. ಬಾವಿಗಳ ನೀರು ಕಹಿಯಾಯಿತು. ಜನ ತಮ್ಮ ನಾಲಿಗೆಯನ್ನೇ ಅನುಮಾನಿಸಿ ಬೆಲ್ಲ ಕಚ್ಚಿಕೊಂಡು ಕುಡಿದರು. ಮಂಡಿ ಬಿಗಿಯುತ್ತಿತ್ತು, ವಾಯು ಅಂದುಕೊಂಡರು.

ಗೌರವ್ವನಿಗೆ ಮಾತ್ರ ಹಳೇ ಅಭ್ಯಾಸ ಬಿಡಲಿಲ್ಲ. ಗುಂಡಿ ಒಣಗಿದ್ದರೂ ಒಂಬತ್ತು ದಿನಕ್ಕೊಮ್ಮೆ ಹೊಳೆಗೆ ಹೋಗಿ ಒಂದು ಬೊಗಸೆ ಕುಡಿದು ಬರುತ್ತಿದ್ದಳು. ಒಂದು ಬೆಳಗ್ಗೆ ಅವಳ ಕಾಲ್ಬೆರಳು ನೀಲಿಯಾಗಿತ್ತು. ನವಿಲುಗತ್ತಿನ ನೀಲಿ. ಮುಟ್ಟಿದರೆ ಕಲ್ಲು. ದಿನಕ್ಕೆ ನಾಲ್ಕು ಬೆರಳಷ್ಟು ಅದು ಮೇಲೇರಿತು. ಪಾದ, ಕಣಕಾಲು, ಮಂಡಿ. ಗೌರವ್ವ ಜಗುಲಿಯ ಗೋಡೆಗೆ ಒರಗಿ ನಿಂತವಳು ಮತ್ತೆ ಕೂರಲಾಗಲಿಲ್ಲ.

ಕೇರಿಯ ಮದ್ದು ಕೊಡುವ ಮುದುಕಿ ಕೆಂಚಜ್ಜಿ ಬಂದು ನೋಡಿದಳು. "ಇದು ಹೊಳೆ ಕೊಟ್ಟ ರೋಗ, ಹೊಳೆಯೇ ಮದ್ದು. ನಿಜವಾದ ತಿಳಿನೀರು ಒಂದು ಬೊಗಸೆ ಬೇಕು. ನೀಲಿ ತುಟಿ ದಾಟೋದ್ರೊಳಗೆ ಕುಡಿಸಿದ್ರೆ ಇಳಿಯುತ್ತೆ, ದಾಟಿದ್ರೆ ನಿಮ್ಮವ್ವ ಚೆಂದದ ಬೊಂಬೆ."

"ಹೊಳೆ ತಿಳಿಯಾಗೇ ಇದೆಯಲ್ಲಜ್ಜಿ?"

"ಹಾಗೆ ಕಾಣುತ್ತೆ. ತಿಳಿನೀರು ಕುಡಿದು ಯಾರಾದ್ರೂ ನೀಲಿ ಆಗ್ತಾರಾ? ಹೋಗು, ನೀನು ಸುರಿದದ್ದು ಎಲ್ಲಿಗೆ ಹೋಯ್ತು ಅಂತ ನೋಡ್ಕೊಂಡು ಬಾ."

ಹಾಲವ್ವ ತಾಯಿಯ ಮುಖ ನೋಡಿದಳು. ತಾಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಬುತ್ತಿ ಕಟ್ಕೊ," ಅಂದಳು ಗೌರವ್ವ. "ನಾನೇನೂ ಎಲ್ಲಿಗೂ ಹೋಗಲ್ಲ, ಇಲ್ಲೇ ಇರ್ತೀನಿ."

ಹಾಲವ್ವ ಹಿತ್ತಲಿಗೆ ಹೋಗಿ ಮುಚ್ಚಳ ತೆಗೆದು ಮೋರಿಯೊಳಗೆ ಇಳಿದಳು.

ಒಳಗೆ ಬಾಗಿ ನಡೆಯುವಷ್ಟು ಜಾಗ. ಅಕ್ಕಪಕ್ಕದ ಹಿತ್ತಲುಗಳಿಂದ ಬಣ್ಣದ ನೀರು ಬಂದು ಕೂಡುತ್ತಿತ್ತು, ಮುಂದೆ ಕೋಟೆಯ ಕಪ್ಪು ನೀರು ಗುಡುಗುತ್ತ ಸೇರುತ್ತಿತ್ತು. ನಡೆದಳು, ನಡೆದಳು, ಒಂದು ದಿನ ನಡೆದಳು. ಎದುರಿಗೆ ಒಂದು ಕಬ್ಬಿಣದ ಬಾಗಿಲು. ಬಾಗಿಲ ಮುಂದೆ ಎತ್ತಿನಷ್ಟು ದೊಡ್ಡ ನೀರುನಾಯಿ, ಮೈಯೆಲ್ಲ ನೀಲಿ, ಬಿಡದೆ ಮೈ ನೆಕ್ಕಿಕೊಳ್ಳುತ್ತಿತ್ತು.

"ಬಂದವಳೇ, ನಿಲ್ಲು," ಅಂದಿತು. "ನಿನ್ನ ಹಿಂದೆ ಹರಿದು ಬರ್ತಿರೋ ನೀರು ಯಾರದು?"

"ಕಾಡಿಗೆರಾಯನದು."

ಬಾಗಿಲ ಮುಂದೆ ಇನ್ನೊಂದು ಬಾಗಿಲು ಬಂದು ನಿಂತಿತು.

"ಕಾಡಿಗೆರಾಯನದೇ. ಊರಿಗೆಲ್ಲ ಗೊತ್ತು."

ಮೂರನೇ ಬಾಗಿಲು ಬಂತು.

"ಊರಿಗೆ ಗೊತ್ತಿರೋದು ಊರಲ್ಲೇ ಇರಲಿ," ಅಂದಿತು ನೀರುನಾಯಿ. "ಮೈ ತೊಳ್ಕೊಳ್ಳೋದೇ ನನ್ನ ಕಸುಬು. ತೊಳ್ಕೊಂಡಷ್ಟೂ ನೀಲಿ ಆಗ್ತಿದೀನಿ. ನಿಜ ಹೇಳೋರು ಬರೋವರೆಗೂ ಇಲ್ಲಿ ಕಾವಲಿರು ಅಂತ ಆ ಮಂತ್ರವಾದಿ ಕಟ್ಟಿಹಾಕಿದಾನೆ. ಬರ್ತಾರೆ, ಅವನ ಹೆಸರು ಹೇಳ್ತಾರೆ, ವಾಪಸ್ ಹೋಗ್ತಾರೆ. ನೀನೂ ಹೋಗು."

ಹಾಲವ್ವ ಸಿಟ್ಟಿನಿಂದ ಕೂತಳು. ಅವಳ ಕಾಲಿನ ಪಕ್ಕದಲ್ಲಿ ದಾರದಷ್ಟು ಸಣ್ಣ ಕೆಂಪು ನೀರು ಹರಿಯುತ್ತಿತ್ತು. ಆ ಕೆಂಪನ್ನು ಅವಳು ಕಣ್ಣು ಮುಚ್ಚಿಕೊಂಡೂ ಗುರುತಿಸುತ್ತಿದ್ದಳು. ಬೇರು ಅರೆದದ್ದು ಅವಳೇ. ಸುರಿದದ್ದೂ ಅವಳೇ.

"ನನ್ನದೂ ಇದೆ," ಅಂದಳು. ಮೆಲ್ಲಗೆ ಅಂದಳು, ಆದರೂ ಮೂರು ಬಾಗಿಲೂ ತೆರೆದವು.

ನಡೆದಳು, ನಡೆದಳು, ಎರಡನೇ ದಿನ ನಡೆದಳು. ಎದುರಿಗೆ ತಾಮ್ರದ ಬಾಗಿಲು. ಅದಕ್ಕೆ ಅಡ್ಡ ಒಂದು ಮುದಿ ಮೊಸಳೆ, ಬೆನ್ನಿನ ಒಂದೊಂದು ಹುರುಪೆಗೂ ಒಂದೊಂದು ಬಣ್ಣ.

"ಬಂದವಳೇ, ನಿಲ್ಲು. ನಿನ್ನ ಹಿಂದೆ ಹರಿದು ಬರ್ತಿರೋ ನೀರು ಯಾರದು?"

ಹಾಲವ್ವ ಈಗ ಪಾಠ ಕಲಿತಿದ್ದಳು. ಮಂಡಿಯೂರಿ ಗೋಳೋ ಅಂತ ಅತ್ತಳು. "ನನ್ನದು ಸ್ವಾಮಿ. ಎಲ್ಲಾ ನನ್ನದೇ. ನಾನೇ ಪಾಪಿ."

ತಾಮ್ರದ ಬಾಗಿಲ ಮುಂದೆ ಇನ್ನೊಂದು ಬಾಗಿಲು ಬಂತು.

"ಕಣ್ಣೀರು ಹಾಕೋದು ನಮ್ಮ ಕುಲಕಸುಬು ಕಣಮ್ಮ, ನಿನಗ್ಯಾಕೆ?" ಅಂದಿತು ಮೊಸಳೆ. "ಎಲ್ಲಾ ನಂದೇ ಅಂತ ನೀನು ಹೊತ್ಕೊಂಡು ಕೂತ್ರೆ ಬೆಟ್ಟದಷ್ಟು ಸುರಿದವನು ಮೀಸೆ ತಿರುವ್ಕೊಂಡು ನಿದ್ದೆ ಹೊಡೀತಾನೆ. ಅವನಿಗೆ ನಿನ್ನಂಥೋರು ಅಂದ್ರೆ ಬಲು ಇಷ್ಟ. ಎದ್ದೇಳು. ಕೈ ಹಾಕು. ನಿಂದೆಷ್ಟೋ ಅಷ್ಟನ್ನ ತೆಗಿ."

ಹಾಲವ್ವ ಕಪ್ಪು ಪ್ರವಾಹದೊಳಗೆ ಮೊಳಕೈಯವರೆಗೆ ಕೈ ಇಳಿಸಿದಳು. ಹುಡುಕಿದಳು. ಬೆರಳಿಗೆ ಅವಳ ಮನೆಯ ಕೆಂಪು ತಾಗಿತು. ನೂಲು ಎಳೆದ ಹಾಗೆ ಎಳೆದಳು, ಎಳೆ ಎಳೆಯಾಗಿ ಬಂತು, ಅಂಗೈಯಲ್ಲಿ ಸುತ್ತಿಕೊಂಡಳು. ಒಂದು ನಿಂಬೆಹಣ್ಣಿನಷ್ಟು ಉಂಡೆ. ಅದು ಬಂದ ಮೇಲೂ ಪ್ರವಾಹ ಮೊದಲಿನಂತೆಯೇ ಕಪ್ಪಗೆ ಭೋರ್ಗರೆಯುತ್ತಿತ್ತು.

"ನನ್ನದು ಇಷ್ಟು," ಅಂದಳು. "ಕೇರಿಯವರದು ಅಲ್ಲಷ್ಟು ಇಲ್ಲಷ್ಟು. ಉಳಿದದ್ದು ಅವನದು."

"ಈಗ ಸರಿ ಹೇಳಿದೆ. ಸದ್ಯಕ್ಕೆ ಅದನ್ನ ನೀರಿಗೇ ಬಿಡು. ನಿನ್ನ ಕೈಗೆ ಗುರುತು ಸಿಕ್ತಲ್ಲ, ಸಾಕು." ಬಾಗಿಲುಗಳು ತೆರೆದವು.

ನಡೆದಳು, ನಡೆದಳು, ಮೂರನೇ ದಿನ ನಡೆದಳು. ಈ ಸಲ ಬಾಗಿಲು ಇರಲಿಲ್ಲ. ದೊಡ್ಡದೊಂದು ಗುಹೆ. ಮೇಲೆ ನೋಡಿದರೆ ಗುಹೆಗೆ ಚಾವಣಿಯೇ ಇಲ್ಲ, ಅಲ್ಲಿ ಹರಿಯುತ್ತಿದ್ದದ್ದು ತಿಳಿಹೊಳೆ. ಕೆಳಗಿನಿಂದ ನೋಡಿದಾಗ ಅದು ತಿಳಿಯಾಗಿರಲಿಲ್ಲ. ಮಸಿ ಕಲಸಿದಂತಿತ್ತು. ಮೋರಿಯ ನೀರೆಲ್ಲ ಭೂಮಿಯೊಳಗೆ ಬಂದು ಭೂಮಿಯೊಳಗಿಂದಲೇ ಹೊಳೆಗೆ ಏರುತ್ತಿತ್ತು. ಆ ಹೊಳೆಯ ಮೇಲೆ, ದಡದಿಂದ ದಡಕ್ಕೆ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಒಂದು ಪೊರೆ ಹಾಸಿತ್ತು. ಮೇಲಿನಿಂದ ನೋಡಿದವರಿಗೆ ಕಾಣುತ್ತಿದ್ದದ್ದು ಆ ಪೊರೆ. ಅದರ ನಾಲ್ಕು ಮೂಲೆಯ ಹಗ್ಗಗಳು ಗುಹೆಯ ನೆಲದ ಒಂದು ಗೂಟಕ್ಕೆ ಕಟ್ಟಿದ್ದವು. ಗೂಟದ ಪಕ್ಕದಲ್ಲಿ ಬಂಡೆಯಂಥ ಆಮೆ.

"ಯಾರದು ಅಂತ ಕೇಳ್ತೀಯಾ?" ಅಂದಳು ಹಾಲವ್ವ.

"ಇಲ್ಲ," ಅಂದಿತು ಆಮೆ. "ಅದನ್ನ ಇಬ್ಬರು ಕೇಳಿಯಾಯ್ತು, ಮುದುಕ ನಾನು, ಹೇಳಿದ್ದೇ ಹೇಳೋಕೆ ಉಸಿರಿಲ್ಲ. ಗೂಟ ನಿನ್ನೆದುರಿಗಿದೆ. ನಿಜ ಹೇಳಿದವರ ಕೈಗೆ ಮಾತ್ರ ಅಲ್ಲಾಡುತ್ತೆ. ಕಿತ್ತರೆ ಮುಸುಕು ಹೋಗುತ್ತೆ. ಆದ್ರೆ ಕೇಳು. ಮುಸುಕು ಹೋದ್ರೆ ಅವನ ಕೊಳೆ ಮಾತ್ರ ಅಲ್ಲ, ಎಲ್ಲರದೂ ಕಾಣುತ್ತೆ. ನಿನ್ನದೂ. ಜನ ಮೊದಲು ಉಗಿಯೋದು ಸುರಿದವನಿಗಲ್ಲ, ತೋರಿಸಿದವಳಿಗೆ. ಹಾಗೇ ವಾಪಸ್ ಹೋದ್ರೆ ನಿನ್ನನ್ನ ಯಾರೂ ಏನೂ ಅನ್ನಲ್ಲ. ನಿಮ್ಮವ್ವನ ಬೊಂಬೆಗೆ ದಿನಾ ಹೂವು ಮುಡಿಸ್ಕೊಂಡು ಇರಬಹುದು."

ಹಾಲವ್ವನಿಗೆ ಚೌಡಪ್ಪನ ಮುಖ ನೆನಪಾಯಿತು, ನೀರಿನ ಕಟ್ಟೆಯಲ್ಲಿ ಸಿಗುವ ಗೆಳತಿಯರ ಮುಖ ನೆನಪಾಯಿತು. ನಾಳೆ ಅವರು ತನ್ನ ಜೊತೆ ಮಾತಾಡುವುದಿಲ್ಲ. ನಿಜಕ್ಕೂ ಹೆದರಿಕೆಯಾಯಿತು. ಆಮೇಲೆ, ಬುತ್ತಿ ಕಟ್ಕೊ ಅಂದ ತಾಯಿಯ ದನಿ ನೆನಪಾಯಿತು.

ಎರಡೂ ಕೈಯಲ್ಲಿ ಗೂಟ ಹಿಡಿದು ಕಿತ್ತಳು.

ಬಟ್ಟೆ ಹರಿದ ಹಾಗೆ ಒಂದು ಸದ್ದು. ಆಮೆ ಅವಳನ್ನು ಬೆನ್ನ ಮೇಲೆ ಹೊತ್ತು ಮೇಲೆದ್ದಿತು.

ದಡಕ್ಕೆ ಬಂದಾಗ ನಾಲ್ಕನೇ ದಿನದ ಬೆಳಗು. ಊರಿಗೆ ಊರೇ ಹೊಳೆಯ ಬಳಿ ನಿಂತಿತ್ತು. ಹೊಳೆ ಮಸಿಯಂತಿತ್ತು, ಮಸಿಯ ನಡುವೆ ಕೆಂಪು, ಹಳದಿ, ಕಂದು ಗೆರೆಗಳು. ಯಾರ ಗೆರೆ ಯಾರದೆಂದು ಪ್ರತಿಯೊಬ್ಬರಿಗೂ ಕಾಣುತ್ತಿತ್ತು.

"ಹಾಲವ್ವ, ನಿನ್ನನ್ನ ಯಾರೇ ಕೇಳಿದ್ರು?" ಅಂದ ಚೌಡಪ್ಪ. "ನಿನ್ನೆವರೆಗೆ ಹೊಳೆ ಚೆನ್ನಾಗಿತ್ತು."

"ನಿನ್ನೆಯೂ ಹೀಗೇ ಇತ್ತು ಮಾವ."

"ಕಾಣ್ತಿರಲಿಲ್ವಲ್ಲ?"

ಅಷ್ಟರಲ್ಲಿ ಪಲ್ಲಕ್ಕಿಯಲ್ಲಿ ರಾಜ ರಾಣಿ ಬಂದರು, ಹಿಂದೆ ಕಾಡಿಗೆರಾಯ ಬಂದ. ರಾಜ ಹೊಳೆ ನೋಡಿ ಮೂಗು ಮುಚ್ಚಿಕೊಂಡ. "ಇದು ಯಾರ ಕೆಲಸ?"

ಕಾಡಿಗೆರಾಯ ನಕ್ಕ. "ಎಲ್ಲರದು ಪ್ರಭು. ನೋಡಿ, ಆ ಹಳದಿ ಯಾರದು? ಆ ಕಂದು ಯಾರದು? ಮೊದಲು ಮೋರಿ ಹಾಕಿಸ್ಕೊಂಡಿದ್ದು ಈ ಹುಡುಗೀನೇ, ಕೆಂಪು ನೋಡಿ ಹೇಗೆ ಹೊಳೀತಿದೆ. ಎಲ್ಲರೂ ಸುರಿದಿದ್ದು. ಎಲ್ಲರದು ಅಂದ್ಮೇಲೆ ಒಬ್ಬನನ್ನ ಕೇಳೋದು ನ್ಯಾಯವೇ?"

'ಎಲ್ಲರದು' ಎಂದು ಅವನು ಅಂದಾಗಲೆಲ್ಲ ನೀರಿನ ಮೇಲೆ ತೆಳ್ಳಗೆ ಮಂಜು ಏಳುತ್ತಿತ್ತು. ಹರಿದ ಪೊರೆ ಮತ್ತೆ ಕೂಡಿಕೊಳ್ಳುತ್ತಿತ್ತು. ಅದೇ ಅವನ ಮಂತ್ರ. ಬಿಟ್ಟಿ ಮೋರಿ ಹಾಕಿಸಿಕೊಟ್ಟದ್ದು ಯಾಕೆಂದು ಹಾಲವ್ವನಿಗೆ ಆಗ ಗೊತ್ತಾಯಿತು. ಜನ ತಲೆ ತಗ್ಗಿಸಿದ್ದರು. ತಗ್ಗಿಸಿದ ತಲೆಗಳ ಮೇಲೆ ಅವನು ಇನ್ನೂ ಒಂದಡಿ ಎತ್ತರ ಕಾಣುತ್ತಿದ್ದ.

ಹಾಲವ್ವ ಸೀರೆ ಎತ್ತಿಕಟ್ಟಿ ನೀರಿಗಿಳಿದಳು. ತನ್ನ ಮನೆಯ ಕೆಂಪನ್ನು ಎಳೆ ಎಳೆಯಾಗಿ ಎಳೆದು ಸುತ್ತಿದಳು, ಒಂದು ಎಳೆಯೂ ಉಳಿಯಲಿಲ್ಲ. ಅದರಲ್ಲಿ ಒಂದು ಚೂರನ್ನು ಬೊಗಸೆ ನೀರಿಗೆ ಕಲಸಿ, ಎಲ್ಲರೆದುರು ಕುಡಿದಳು. ಮುಖ ಕಿವುಚಿತು. ಹತ್ತೂ ಬೆರಳ ತುದಿ ನೀಲಿಯಾಗಿ ಅಲ್ಲಿಗೇ ನಿಂತಿತು.

"ಇದು ನನ್ನದು, ತೆಗೆದೆ," ಅಂದಳು. "ಕೆಂಚಜ್ಜಿ, ನಿನ್ನ ಕಷಾಯದ ಹಸಿರು ಅಲ್ಲಿ ಬಂಡೆ ಪಕ್ಕದಲ್ಲಿದೆ."

"ಕಾಣ್ತಿದೆ ಕಣೇ, ನನಗೇನು ಕುರುಡಾ?" ಅಂತ ಮುದುಕಿ ನೀರಿಗಿಳಿದಳು. ತನ್ನದನ್ನು ತೆಗೆದಳು, ಕುಡಿದಳು. "ಥೂ. ಇಂಥದ್ದನ್ನ ನಾನು ಜನಕ್ಕೆ ಕೊಡ್ತಿದ್ದೆನಾ?"

ಯಾರೋ ನಕ್ಕರು. ಕಂದು ಮನೆಯ ಗಂಡ ಹೆಂಡತಿ ಇಳಿದರು. ಗೋರಂಟಿ ಮನೆಯವರು ಇಳಿದರು. ಕೊನೆಗೆ ಚೌಡಪ್ಪನೂ ಪಂಚೆ ಎತ್ತಿಕೊಂಡು ಇಳಿದ. "ನಂದು ಸ್ವಲ್ಪ ಜಾಸ್ತೀನೇ ಇದೆ, ಯಾರಾದ್ರೂ ಕೈ ಹಾಕ್ರಪ್ಪ" ಅಂದ. ಕೈ ಹಾಕಿದರು.

ಮಧ್ಯಾಹ್ನದ ಹೊತ್ತಿಗೆ ಹೊಳೆಯಲ್ಲಿ ಕೆಂಪಿರಲಿಲ್ಲ, ಹಳದಿಯಿರಲಿಲ್ಲ, ಕಂದಿರಲಿಲ್ಲ. ಆದರೂ ಹೊಳೆ ಕಪ್ಪಗೇ ಇತ್ತು. ದಡದಿಂದ ದಡಕ್ಕೆ, ತಳದಿಂದ ಮೇಲಕ್ಕೆ, ಬೆಳಗ್ಗೆಯಷ್ಟೇ ಕಪ್ಪು.

"ಪ್ರಭು," ಅಂದಳು ಹಾಲವ್ವ, "ನಮ್ಮದನ್ನ ನಾವು ತೆಗೆದ್ವಿ. ಉಳಿದದ್ದು ಯಾರದು?"

"ಎಲ್ಲರದು," ಅಂದ ಕಾಡಿಗೆರಾಯ. ಮಂಜು ಏಳಲಿಲ್ಲ. "ಎಲ್ಲರದು," ಅಂತ ಕೂಗಿದ. ಮಾತು ಬಾಯಿಂದ ಬಂದು ಕೆಸರಿಗೆ ಪಚಕ್ ಅಂತ ಬಿತ್ತು. ಮೂರನೇ ಸಲ ಬಾಯಿ ತೆರೆದ, ದನಿಯೇ ಹೊರಡಲಿಲ್ಲ. ಒಂದೊಂದೇ ಅಡಿ ಕುಗ್ಗುತ್ತ ಬಂದ. ಮೀಸೆ ಜೋಲಿತು. ಕೊನೆಗೆ ಅಲ್ಲಿ ನಿಂತದ್ದು ಗಿಡ್ಡಗಿನ, ಬೋಳುತಲೆಯ, ಬೆವರುತ್ತಿದ್ದ ಒಬ್ಬ ಮನುಷ್ಯ.

ರಾಜ ಪಲ್ಲಕ್ಕಿಯಿಂದ ಇಳಿದ. ಅವನು ಹೊದ್ದಿದ್ದ ಅಂಗವಸ್ತ್ರದಿಂದ ನವಿಲುಗತ್ತಿನ ನೀಲಿ ತೊಟ್ಟಿಕ್ಕುತ್ತಿತ್ತು. "ಇವನಿಗೆ ಜಾಗ ಕೊಟ್ಟೋನು ನಾನು," ಅಂದ. "ಎರಡನೇ ಪ್ರಶ್ನೆ ಕೇಳದೆ ಸುಮ್ಮನಿದ್ದೋನೂ ನಾನೇ." ಅಂಗವಸ್ತ್ರ ಹಿಂಡಿ ಒಂದು ಬೊಗಸೆ ಕುಡಿದ. ರಾಣಿ ಅಯ್ಯೋ ಅನ್ನುವಷ್ಟರಲ್ಲಿ ಅವನ ಬೆರಳೂ ನೀಲಿಯಾಯಿತು. ಆಮೇಲೆ ಕಾಡಿಗೆರಾಯನ ಕಡೆ ತಿರುಗಿದ. "ನಿನ್ನದನ್ನ ಕುಡಿ."

"ಇಷ್ಟನ್ನೂ ಕುಡಿದರೆ ಸಾಯ್ತೀನಿ ಪ್ರಭು."

"ಹಾಗಾದ್ರೆ ಊರವರು ಇಷ್ಟು ದಿನ ಏನು ಕುಡೀತಿದ್ರು? ಕೊಪ್ಪರಿಗೆ ಆರಿಸು. ಗುಂಡಿ ತೋಡು. ಕುಡಿಯೋ ಹಾಗೆ ಮಾಡು, ಕುಡಿ, ಆಮೇಲೆ ಬಿಡು."

ಹಾಲವ್ವ ಮನೆಗೆ ಓಡಿದಳು. ನೀಲಿ ಗೌರವ್ವನ ತೊಡೆಯ ಅರ್ಧಕ್ಕೆ ಬಂದಿತ್ತು. "ಒಂಬತ್ತು ದಿನ ಬೇಕು ಅವ್ವ," ಅಂದಳು.

"ಬೇಕಾಗುತ್ತೆ. ಅದಕ್ಕೆ ಅವಸರ ಮಾಡಬಾರ್ದು," ಅಂದಳು ಗೌರವ್ವ, ಬೇರೆ ಯಾರದೋ ವಿಷಯ ಮಾತಾಡುವ ಹಾಗೆ.

ಕೋಟೆಯ ಬುಡದಲ್ಲಿ ಕೆರೆಯಷ್ಟು ದೊಡ್ಡ ಮೂರು ಗುಂಡಿ ತೋಡಿ ಹೊಳೆಯನ್ನೇ ಅವುಗಳೊಳಗೆ ತಿರುಗಿಸಿದರು. ಬಿಡುಗಡೆಯಾದ ಮೊಸಳೆ ಬಾಲದಿಂದ ಮಣ್ಣು ಸರಿಸಿತು, ನೀರುನಾಯಿ ಮೋರಿಗಳ ಬಾಯಿ ಮುಚ್ಚಿತು, ಆಮೆ ಸಲಹೆ ಕೊಟ್ಟಿತು. ಕೇರಿಯವರು ಮರಳು ಹೊತ್ತರು. ಅರಮನೆಯವರು ಇದ್ದಿಲು ಅರೆದರು. ಮಂತ್ರ ಹೋದ ಮೇಲೆ ನೋಡಿದರೆ ಕಾಡಿಗೆರಾಯ ಒಳ್ಳೇ ಕೆಲಸಗಾರ. ಮೊದಲೇ ಅದನ್ನು ಮಾಡಿದ್ದರೆ ಮಂತ್ರದ ಅಗತ್ಯವೇ ಇರಲಿಲ್ಲ.

ಮೂರು ದಿನ ಮರಳಿನಲ್ಲಿ, ನೀಲಿ ಸೊಂಟಕ್ಕೆ. ಮೂರು ದಿನ ಇದ್ದಿಲಿನಲ್ಲಿ, ನೀಲಿ ಎದೆಗೆ. ಎಂಟನೇ ದಿನ ನೀಲಿ ಗದ್ದಕ್ಕೆ ಬಂತು. ಗೌರವ್ವನಿಗೆ ಮಾತು ನಿಂತಿತು, ಕಣ್ಣು ಮಾತ್ರ ಆಡುತ್ತಿತ್ತು.

ಲಾವಂಚದ ಗುಂಡಿಯಲ್ಲಿ ನೀರು ಕನ್ನಡಿಯ ಹಾಗಿತ್ತು. ಹಾಲವ್ವ ತಂಬಿಗೆ ಹಿಡಿದು ನಿಂತಳು.

"ಸಾಕಲ್ಲವೇನಮ್ಮ?" ಅಂದ ಕಾಡಿಗೆರಾಯ. ಈ ಸಲ ಅವನ ದನಿಯಲ್ಲಿ ಮೋಸವಿರಲಿಲ್ಲ. "ತಳ ಕಾಣ್ತಿದೆ. ನಿಮ್ಮವ್ವನಿಗೆ ಹೊತ್ತಿಲ್ಲ."

ಹೌದು ಅನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಆದರೂ ಬಿಳಿ ಬಟ್ಟೆಯ ಚೂರೊಂದನ್ನು ಅದ್ದಿ ಬಿಸಿಲಿಗೆ ಹಿಡಿದಳು. ಒಣಗಿತು. ಅಂಚಿನಲ್ಲಿ ಕೂದಲೆಳೆಯಷ್ಟು ನೀಲಿ ನಿಂತಿತ್ತು.

"ಇಲ್ಲ. ನಾಳೆ," ಅಂದಳು. ಕಟ್ಟೆಯ ಹಿಂದೆ ಹೋಗಿ ಕೂತು ಅತ್ತಳು. ಮೊಸಳೆ ಸದ್ದಿಲ್ಲದೆ ಬಂದು ಪಕ್ಕದಲ್ಲಿ ಕೂತಿತು.

ಒಂಬತ್ತನೇ ದಿನ ಮಧ್ಯಾಹ್ನ ಬಟ್ಟೆ ಅದ್ದಿದರು. ಒಣಗಿಸಿದರು. ಬಿಳಿಗೆ ಬಿಳಿ. ಊರೆಲ್ಲ ನೋಡುತ್ತಿರುವಾಗ ಕಾಡಿಗೆರಾಯ ಬೊಗಸೆ ತುಂಬಿ ಕುಡಿದ. ಎಲ್ಲರೂ ಅವನ ಬೆರಳು ನೋಡಿದರು. ಏನೂ ಆಗಲಿಲ್ಲ. ಅವನು ಇನ್ನೊಂದು ಬೊಗಸೆ ಕುಡಿದ, ಅದು ಬಾಯಾರಿಕೆಗೆ.

ಹಾಲವ್ವ ತಂಬಿಗೆ ತುಂಬಿಕೊಂಡು ಓಡಿದಳು. ಹಿಂದೆ ಕೇರಿ ಓಡಿತು, ಕೇರಿಯ ಹಿಂದೆ ರಾಜ ಓಡಿದ. ನೀಲಿ ಗೌರವ್ವನ ಕೆಳತುಟಿ ಮುಗಿಸಿ ಮೇಲ್ತುಟಿಯ ಅಂಚಿಗೆ ಬಂದಿತ್ತು. ಹಾಲವ್ವ ಬೆರಳು ಅದ್ದಿ ತುಟಿಯ ಸಂದಿಗೆ ಒಂದು ಹನಿ ಬಿಟ್ಟಳು. ಇನ್ನೊಂದು. ಮತ್ತೊಂದು. ಮೂರನೇ ಹನಿಗೆ ತುಟಿ ಕೆಂಪಾಯಿತು. ನೀಲಿ ಸೆರಗು ಜಾರಿದ ಹಾಗೆ ಗದ್ದದಿಂದ ಎದೆಗೆ, ಎದೆಯಿಂದ ಸೊಂಟಕ್ಕೆ, ಸೊಂಟದಿಂದ ಪಾದಕ್ಕೆ ಇಳಿದು ಜಗುಲಿಯ ಕಲ್ಲಿಗೆ ಸೇರಿತು. ಬಗ್ಗಿದ ಮಂಡಿಯನ್ನು ಗೌರವ್ವ ಹೊಸದೆಂಬಂತೆ ಮುಟ್ಟಿ ನೋಡಿಕೊಂಡಳು. ಕೂತಳು. ಮಗಳ ಕೈಯಿಂದ ತಂಬಿಗೆ ತೆಗೆದುಕೊಂಡು ಉಳಿದದ್ದನ್ನೂ ಕುಡಿದಳು. ಬಾಯಿ ಚಪ್ಪರಿಸಿದಳು. ಹುಬ್ಬು ಗಂಟಿಕ್ಕಿತು.

"ಇದ್ದಿಲು ಅರೆದವರು ಯಾರು? ತರಿತರಿಯಾಗಿದೆ. ನೀರು ಹೊಗೆ ವಾಸನೆ ಹೊಡೀತಿದೆ."

ಗುಂಪಿನ ಹಿಂದಿನಿಂದ ಏದುಸಿರು ಬಿಡುತ್ತ ರಾಜ ವಿಜಯಕೇತು ಕೈ ಎತ್ತಿದ. "ಅದು ನಾನು, ಅವ್ವ."

"ನಾಳೆ ಬಾ, ಹೇಳಿಕೊಡ್ತೀನಿ," ಅಂದಳು ಗೌರವ್ವ.

ಹೊಳೆ ಮತ್ತೆ ಹರಿಯಿತು, ಸಮುದ್ರದ ಮದುವೆ ಮುಗಿಸಿ ಮೀನುಗಳೂ ಬಂದವು, ಮರಿಗಳ ಸಮೇತ. ಚೌಡಪ್ಪ ಕುಂಬಳದ ಬಳ್ಳಿಯನ್ನು ಬೇಲಿಗೆ ಹಬ್ಬಿಸಿ ಗುಂಡಿ ತೋಡಿದ. ಕಾಡಿಗೆರಾಯ ನೂರು ಕೊಪ್ಪರಿಗೆಯಲ್ಲಿ ಒಂದೇ ಒಂದನ್ನು ಇಟ್ಟುಕೊಂಡ. ನವಿಲುಗತ್ತಿನ ನೀಲಿ ನಿಧಾನಕ್ಕೆ ಬರತೊಡಗಿತು, ಹೆಣ್ಣಿಗೆ ಆಯಸ್ಸಿನಲ್ಲಿ ಒಂದು ಸೀರೆ. ಒಂದೇ ಆದ್ದರಿಂದ ಅದನ್ನು ಜೋಪಾನ ಮಾಡಿ ಮೊಮ್ಮಗಳಿಗೆ ಕೊಡುತ್ತಿದ್ದರು. ರಾಜ ಪ್ರತಿ ವಿಷಯಕ್ಕೂ ಎರಡನೇ ಪ್ರಶ್ನೆ ಕೇಳಿ ಮಂತ್ರಿಗಳ ಪ್ರಾಣ ತಿಂದ, ರಾಜ್ಯ ಮಾತ್ರ ಸುಖವಾಗಿತ್ತು. ಹಾಲವ್ವ ಗುಂಡಿ ಕಲಕುವಾಗ ಈಗಲೂ ಮೂಗು ಮುಚ್ಚಿಕೊಳ್ಳುತ್ತಿದ್ದಳು, ಗೌರವ್ವ ಈಗಲೂ ಬೈ​ಯುತ್ತಿದ್ದಳು, ತಾಯಿ ಮಗಳು ಬಹಳ ವರ್ಷ ಹಾಗೇ ಬಾಳಿದರು.

ಕತೆ ಇಲ್ಲಿಗೆ ನಿಂತಿತು, ಹೊಳೆ ನಿಲ್ಲಲಿಲ್ಲ. ಇದು ಕೇಳಿ ಇಟ್ಟುಕೊಳ್ಳುವ ಕತೆಯಲ್ಲ, ಇಟ್ಟರೆ ಕೆಡುತ್ತದೆ. ನಾಳೆ ಸಂಜೆಯೊಳಗೆ ನೀವು ಒಬ್ಬರಿಗಾದರೂ ಹೇಳಿ, ಅವರು ಇನ್ನೊಬ್ಬರಿಗೆ ಹೇಳಲಿ.